ಪ್ರಾಡಕ್ಟ್ ಮ್ಯಾನುಯಲ್‌ಗೆ ಲಾಗಿನ್ ಹಾಕಬೇಕಾ?

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು):
ನಮಸ್ಕಾರ ಮೇಡಂ. ನಮ್ಮದು ಸಣ್ಣ ಸಾಫ್ಟ್‌ವೇರ್ ಕಂಪನಿ. ಔಷಧಿ ಹೋಲ್‌ಸೇಲ್ ಅಂಗಡಿಗಳಿಗೆ ಬಿಲ್ಲಿಂಗ್ ಮತ್ತು ಸ್ಟಾಕ್ ಸಾಫ್ಟ್‌ವೇರ್ ಮಾಡುತ್ತೇವೆ. ಯೂಸರ್ ಮ್ಯಾನುಯಲ್, ಎಪಿಐ ಗೈಡ್ (ಬೇರೆ ಸಾಫ್ಟ್‌ವೇರನ್ನು ನಮ್ಮದರ ಜೊತೆ ಸೇರಿಸುವುದು ಹೇಗೆ ಅಂತ ಹೇಳುವುದು) ಎಲ್ಲಾ ಇಷ್ಟು ದಿನ ವೆಬ್‌ಸೈಟ್‌ನಲ್ಲಿ ಯಾರು ಬೇಕಾದರೂ ಓದುವ ಹಾಗೆ ಇದೆ. ಈಗ ಸೇಲ್ಸ್‌ನವರು ಹಟ ಹಿಡಿದಿದ್ದಾರೆ. ಕಾಂಪಿಟಿಟರ್‌ಗಳು ಓದಿ ಕಾಪಿ ಹೊಡೆಯುತ್ತಾರೆ, ಲಾಗಿನ್ ಹಾಕಿಬಿಡಿ ಅಂತ. ನೀವು ವರ್ಷಗಟ್ಟಲೆ ಡಾಕ್ಯುಮೆಂಟೇಶನ್ ಕೆಲಸವನ್ನೇ ಮಾಡಿದವರು. ಏನು ಹೇಳುತ್ತೀರಿ?

ಉತ್ತರ (ಟೆಕ್ನಿಕಲ್ ರೈಟರ್, ಬೆಂಗಳೂರು):
ಹಾಕಬೇಡಿ. ಮೊದಲು ನಿಮ್ಮ ಮ್ಯಾನುಯಲ್ ಓದುವವರು ಯಾರು ಅಂತ ನೋಡಿ. ಸಾಫ್ಟ್‌ವೇರ್ ಕೊಂಡ ಸಾಹುಕಾರರಂತೂ ಅಲ್ಲ. ಸಂಜೆ ಹೊತ್ತು ಬಂದು ಲೆಕ್ಕ ಬರೆದು ಹೋಗುವ ಅಕೌಂಟೆಂಟ್. ಅವರು ನಾಲ್ಕಾರು ಅಂಗಡಿ ನೋಡಿಕೊಳ್ಳುತ್ತಾರೆ, ಯಾವ ಅಂಗಡಿಯ ಸಂಬಳದ ಪಟ್ಟಿಯಲ್ಲೂ ಅವರ ಹೆಸರಿಲ್ಲ. ತಿಂಗಳ 11ನೇ ತಾರೀಕು ಮಾರಾಟದ ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-1 ಕೊನೇ ದಿನ. ರಾತ್ರಿ ಒಂಬತ್ತು ಗಂಟೆಗೆ ಎಕ್ಸ್‌ಪೈರಿ ಮಾಲಿನ ಕ್ರೆಡಿಟ್ ನೋಟ್ ರಿಪೋರ್ಟಿನಲ್ಲಿ ಕಾಣಿಸುತ್ತಿಲ್ಲ. ಅವರು ಮೊಬೈಲ್ ತೆಗೆದು ಸ್ಕ್ರೀನ್ ಮೇಲಿನ ಮೆಸೇಜನ್ನು ಹಾಗೇ ಗೂಗಲ್‌ನಲ್ಲಿ ಟೈಪ್ ಮಾಡುತ್ತಾರೆ. ನಿಮ್ಮ ಪೇಜ್ ಬಂತೋ, ಬಚಾವ್. ಲಾಗಿನ್ ಕೇಳಿತೋ, ಅದು ಸಾಹುಕಾರರ ಮಗನ ಇಮೇಲ್‌ನಲ್ಲಿದೆ, ಪಾಸ್‌ವರ್ಡ್ ಯಾರಿಗೂ ನೆನಪಿಲ್ಲ. ಆಮೇಲೆ ಫೋನ್ ಹೋಗುವುದು ನಿಮ್ಮ ಸಪೋರ್ಟ್ ಹುಡುಗನಿಗೇ.

ಇನ್ನೊಂದು ವಿಷಯ. ಹೊಸ ಅಂಗಡಿಗೆ ಯಾವ ಸಾಫ್ಟ್‌ವೇರ್ ಹಾಕಿಸಲಿ ಅಂತ ಮಾಲೀಕರು ಕೇಳುವುದೂ ಇದೇ ಅಕೌಂಟೆಂಟನ್ನು. ಬೆಂಗಳೂರಿನದೇ ಆದ ಟ್ಯಾಲಿಯ ಹೆಲ್ಪ್ ಪೇಜ್‌ಗಳು ಎಲ್ಲರಿಗೂ ತೆರೆದಿವೆ, ಟಿಡಿಎಲ್ (ಟ್ಯಾಲಿಯನ್ನು ಬೇಕಾದ ಹಾಗೆ ಬದಲಾಯಿಸುವ ಪ್ರೋಗ್ರಾಮಿಂಗ್ ಭಾಷೆ) ಕಲಿಯುವವರಿಗೆ ಬೇಕಾದ ವಿವರವೂ ಸೇರಿ. ಅದಕ್ಕೆ ಒಗ್ಗಿಹೋದವರು ನಿಮ್ಮಿಂದಲೂ ಅಷ್ಟನ್ನೇ ನಿರೀಕ್ಷಿಸುತ್ತಾರೆ, ಅಲ್ವಾ?

ಇನ್ನು ಕಾಂಪಿಟಿಟರ್ ಮಾತು. ಅವರಿಗೆ ಬೇಕು ಅನ್ನಿಸಿದರೆ ಗಿರಾಕಿ ಅಂತ ಹೇಳಿ ಡೆಮೋ ತಗೊಳ್ಳುತ್ತಾರೆ. ಇಲ್ಲಾ ನಿಮ್ಮ ಹಳೇ ಗಿರಾಕಿಯ ಅಂಗಡಿಯಲ್ಲಿ ಕೂತು ಎಲ್ಲಾ ಸ್ಕ್ರೀನ್ ನೋಡುತ್ತಾರೆ. ಮ್ಯಾನುಯಲ್‌ನಲ್ಲಿರುವುದು ಯಾವ ಬಟನ್ ಒತ್ತಿದರೆ ಏನಾಗುತ್ತದೆ ಅನ್ನುವುದು ಮಾತ್ರ. ಒಳಗೆ ಅದನ್ನು ಹೇಗೆ ಕಟ್ಟಿದ್ದೀರಿ ಅನ್ನುವುದು ಅಲ್ಲಿ ಇರಲೇಬಾರದು. ಇದ್ದರೆ ಅದನ್ನು ಕಿತ್ತುಹಾಕಿ, ಅದಕ್ಕೋಸ್ಕರ ಇಡೀ ಮ್ಯಾನುಯಲ್ ಮುಚ್ಚಬೇಡಿ.

ಪ್ರಶ್ನೆ (ಅದೇ ಸದಸ್ಯರು):
ಸೆಕ್ಯುರಿಟಿ? ಎಪಿಐ ಗೈಡ್ ಹೊರಗಿದ್ದರೆ ಹ್ಯಾಕರ್‌ಗೆ ನಾವೇ ದಾರಿ ತೋರಿಸಿದ ಹಾಗೆ ಆಗಲ್ವಾ?

ಉತ್ತರ:
ಆಧಾರ್‌ಗಿಂತ ಸೂಕ್ಷ್ಮವಾದ ಸಿಸ್ಟಮ್ ನಿಮ್ಮದಲ್ಲ ಅಂದುಕೊಳ್ಳುತ್ತೇನೆ. ಆಧಾರ್ ಅಥೆಂಟಿಕೇಶನ್ ಎಪಿಐ ವಿವರವನ್ನು ಆಧಾರ್ ನಡೆಸುವ ಯುಐಡಿಎಐ ತನ್ನ ವೆಬ್‌ಸೈಟ್‌ನಲ್ಲೇ ಹಾಕಿದೆ. ಯಾವ ಮಾಹಿತಿ ಕಳಿಸಬೇಕು, ಹೇಗೆ ಎನ್‌ಕ್ರಿಪ್ಟ್ ಮಾಡಬೇಕು, ಯಾವ ಎರರ್ ಕೋಡ್ ಬಂದರೆ ಏನರ್ಥ, ಎಲ್ಲಾ ಅಲ್ಲಿದೆ. ಓದಿದ ಮಾತ್ರಕ್ಕೆ ಯಾರೂ ಒಳಗೆ ಹೋಗಲು ಆಗುವುದಿಲ್ಲ. ಲೈಸೆನ್ಸ್ ಕೀ ಬೇಕು, ಡಿಜಿಟಲ್ ಸಹಿ ಬೇಕು, ಅನುಮತಿ ಪಡೆದ ಸಂಸ್ಥೆಯ ಮೂಲಕವೇ ಬರಬೇಕು.

ಇದು ಹಳೇ ವಿಚಾರವೇ. ವ್ಯವಸ್ಥೆಯ ವಿವರ ಶತ್ರುವಿನ ಕೈಗೆ ಸಿಕ್ಕರೂ ತೊಂದರೆ ಆಗಬಾರದು, ಗುಟ್ಟಾಗಿ ಇರಬೇಕಾದ್ದು ಕೀ ಮಾತ್ರ. ಆಗಸ್ಟ್ ಕೆರ್ಕ್‌ಹಾಫ್ಸ್ ಅನ್ನುವವರು 1883ರಲ್ಲೇ ಸೈನ್ಯದ ಗುಪ್ತಲಿಪಿಗಳ ಬಗ್ಗೆ ಬರೆಯುವಾಗ ಇದನ್ನು ಹೇಳಿದ್ದರು.

2016ರ ಮಿರಾಯ್ ಕೇಳಿರಬಹುದು. ಲಕ್ಷಾಂತರ ಕ್ಯಾಮೆರಾ, ರೌಟರ್‌ಗಳ ಒಳಗೆ ನುಗ್ಗಿದ ಮಾಲ್‌ವೇರ್. ಅದರ ಹತ್ತಿರ ಇದ್ದದ್ದು ಫ್ಯಾಕ್ಟರಿಯಿಂದ ಬಂದ 60ಕ್ಕೂ ಹೆಚ್ಚು ಯೂಸರ್‌ನೇಮ್–ಪಾಸ್‌ವರ್ಡ್ ಜೋಡಿಗಳ ಪಟ್ಟಿ, ಅಷ್ಟೇ. ಅಂಥ ಪಾಸ್‌ವರ್ಡ್ ಮ್ಯಾನುಯಲ್‌ನಲ್ಲಿ ಅಚ್ಚಾಗಿದೆ ಅಂತ ಮ್ಯಾನುಯಲ್ ಬಚ್ಚಿಟ್ಟರೆ ಏನು ಬಂತು? ಸಾವಿರಾರು ಡಬ್ಬಗಳಿಗೆ ಒಂದೇ ಪಾಸ್‌ವರ್ಡ್ ಇಟ್ಟಿದ್ದೇ ತಪ್ಪು. ಗೈಡ್ ಓದಿದವನು ನಿಮ್ಮ ಸರ್ವರ್ ಒಳಗೆ ಬರಬಹುದು ಅಂತ ನಿಮಗೇ ಭಯ ಇದ್ದರೆ, ಗೈಡ್ ಬಿಟ್ಟು ಸರ್ವರ್ ನೋಡಿ.

ಪ್ರಶ್ನೆ (ಇನ್ನೊಬ್ಬ ಸದಸ್ಯರು, ಡೇಟಾಬೇಸ್ ಅಡ್ಮಿನ್):
ಆದರೆ ಮೇಡಂ, ದೊಡ್ಡ ದೊಡ್ಡ ಕಂಪನಿಗಳೇ ಮುಚ್ಚಿಡುತ್ತವಲ್ಲ? ಸಪೋರ್ಟ್ ಕಾಂಟ್ರಾಕ್ಟ್ ಮುಗಿದರೆ ಒಂದು ನೋಟ್ ಕೂಡ ತೆರೆಯುವುದಿಲ್ಲ.

ಉತ್ತರ:
ಅವರು ಏನನ್ನು ಮುಚ್ಚುತ್ತಾರೆ ನೋಡಿ. ಒರಾಕಲ್ ಡೇಟಾಬೇಸ್ ಮ್ಯಾನುಯಲ್‌ಗಳು ಯಾರಿಗೆ ಬೇಕಾದರೂ ಸಿಗುತ್ತವೆ. ಕಾಂಟ್ರಾಕ್ಟ್ ಬೇಕಾಗುವುದು ಪ್ಯಾಚ್‌ಗೆ, ಸಪೋರ್ಟ್ ನೋಟ್‌ಗಳಿಗೆ. ಲಿನಕ್ಸ್ ಕಂಪನಿ ರೆಡ್ ಹ್ಯಾಟ್ ಕೂಡ ಹಾಗೇ. ಮ್ಯಾನುಯಲ್ ತೆರೆದಿದೆ, "ಈ ಎರರ್ ಬಂದರೆ ಹೀಗೆ ಮಾಡಿ" ಅನ್ನುವ ಲೇಖನಗಳಲ್ಲಿ ಬಹಳಷ್ಟು ಚಂದಾದಾರರಿಗೆ ಮಾತ್ರ. ಅವರು ಮಾರುವುದೇ ಸಪೋರ್ಟ್. ಹಾಗಾಗಿ ಅದಕ್ಕೆ ಬೀಗ ಹಾಕುವುದರಲ್ಲಿ ಒಂದು ಲೆಕ್ಕ ಇದೆ. ನನಗೆ ಅದೂ ಅಷ್ಟೇನೂ ಇಷ್ಟವಿಲ್ಲ. ರಾತ್ರಿ ಎರಡು ಗಂಟೆಗೆ ಹುಡುಕಿದಾಗ ಸರಿಯಾದ ತಲೆಬರಹ ಕಂಡು, ಕೆಳಗೆ "ಲಾಗಿನ್ ಆಗಿ" ಅಂತ ಬಂದರೆ ಎಷ್ಟು ಉರಿಯುತ್ತದೆ ಅಂತ ನಿಮಗೇ ಗೊತ್ತು.

ನಿಜವಾಗಿ ಮುಚ್ಚಿಟ್ಟು ಪೆಟ್ಟು ತಿಂದದ್ದು ಮೈಕ್ರೋಸಾಫ್ಟ್. ವಿಂಡೋಸ್ ಕಂಪ್ಯೂಟರ್‌ಗಳು ಸರ್ವರ್ ಜೊತೆ ಮಾತಾಡುವ ಪ್ರೊಟೋಕಾಲ್‌ಗಳ ಪೂರ್ತಿ ವಿವರ ಹೊರಗಿನವರಿಗೆ ಸಿಗುತ್ತಿರಲಿಲ್ಲ. ಸಾಂಬಾ ಅನ್ನುವ ಉಚಿತ ಸಾಫ್ಟ್‌ವೇರ್ ತಂಡದವರು ನೆಟ್‌ವರ್ಕ್‌ನಲ್ಲಿ ಹರಿದಾಡುವ ಪ್ಯಾಕೆಟ್‌ಗಳನ್ನು ನೋಡಿ ನೋಡಿಯೇ, ಲಿನಕ್ಸ್ ಸರ್ವರ್ ವಿಂಡೋಸ್ ಜೊತೆ ಫೈಲ್ ಹಂಚಿಕೊಳ್ಳುವ ಹಾಗೆ ಮಾಡಿದ್ದರು. 2004ರಲ್ಲಿ ಯುರೋಪಿಯನ್ ಕಮಿಷನ್ ಇದೂ ಸೇರಿದ ಕೇಸಿನಲ್ಲಿ 49.7 ಕೋಟಿ ಯೂರೋ ದಂಡ ಹಾಕಿ, ವಿವರ ಕೊಡಿ ಅಂತ ಹೇಳಿತು. ಮೈಕ್ರೋಸಾಫ್ಟ್ ಅಪೀಲಿಗೆ ಹೋಗಿ 2007ರಲ್ಲಿ ಸೋತಿತು. ಆ ವರ್ಷದ ಡಿಸೆಂಬರ್‌ನಲ್ಲಿ ಸಾಂಬಾದವರಿಗೆ 10,000 ಯೂರೋ ಕಟ್ಟಿದ ಮೇಲೆ ದಾಖಲೆಗಳು ಸಿಕ್ಕವು. 2008ರ ಫೆಬ್ರವರಿಯಲ್ಲಿ ಮೈಕ್ರೋಸಾಫ್ಟ್ ತಾನೇ 30,000ಕ್ಕೂ ಹೆಚ್ಚು ಪುಟಗಳನ್ನು ವೆಬ್‌ನಲ್ಲಿ ಎಲ್ಲರಿಗೂ ಬಿಟ್ಟಿತು. ಅದರಿಂದ ವಿಂಡೋಸ್ ಮುಳುಗಿಹೋಯಿತಾ?

ಮಾರುಕಟ್ಟೆ ಕೈಯಲ್ಲಿರುವ ಕಂಪನಿಗೆ ಹಾಕಿದ ಕಾನೂನು ಅದು, ಹುಬ್ಬಳ್ಳಿಯ ಕಂಪನಿಗೆ ಯಾರೂ ಬಂದು ದಂಡ ಹಾಕುವುದಿಲ್ಲ ಬಿಡಿ. ಆದರೆ ಬೇರೆ ಸಾಫ್ಟ್‌ವೇರ್ ಜೊತೆ ಸೇರಿಸಲು ಬರುವವರಿಗೆ ದಾರಿ ಮುಚ್ಚಿದರೆ, ಅವರು ಸಾಂಬಾದವರಷ್ಟು ಕಷ್ಟಪಡುವುದಿಲ್ಲ. ಪಕ್ಕದ ಪ್ರಾಡಕ್ಟ್‌ಗೆ ಹೋಗುತ್ತಾರೆ.

ಕಾಮೆಂಟ್ (ಬ್ಯಾಂಕಿಂಗ್ ಸಾಫ್ಟ್‌ವೇರ್‌ನಲ್ಲಿರುವ ಸದಸ್ಯರು):
ಒಪ್ಪಲ್ಲ. ನಮ್ಮಲ್ಲಿ ಎಲ್ಲಾ ಲಾಗಿನ್ ಒಳಗೇ ಇದೆ, ಯಾವ ಬ್ಯಾಂಕೂ ದೂರು ಕೊಟ್ಟಿಲ್ಲ.

ಉತ್ತರ:
ನಿಮ್ಮ ಗಿರಾಕಿಗಳು ಬೆರಳೆಣಿಕೆಯಷ್ಟು ಬ್ಯಾಂಕ್‌ಗಳು. ಪ್ರತಿಯೊಂದರಲ್ಲೂ ನಿಮ್ಮದೇ ಜನ ಕೂತಿರುತ್ತಾರೆ, ಒಂದೊಂದು ಬ್ಯಾಂಕಿಗೂ ಒಂದೊಂದು ರೀತಿ ಬದಲಾಯಿಸಿಕೊಟ್ಟಿರುತ್ತೀರಿ. ಒಂದು ಬ್ಯಾಂಕಿನ ವಿವರ ಇನ್ನೊಂದಕ್ಕೆ ಕಾಣಲೇಬಾರದು. ಅಲ್ಲಿ ಲಾಗಿನ್ ಸರಿಯೇ. ಬೇರೆ ಕಂಪನಿಯಿಂದ ಗೌಪ್ಯತೆ ಕರಾರಿನ ಮೇಲೆ ಪಡೆದ ಚಿಪ್ ವಿವರ ಇದ್ದರೂ ಹಾಗೇ, ಅದು ನಿಮ್ಮ ಸ್ವತ್ತಲ್ಲ. ಆದರೆ ದೂರು ಬಂದಿಲ್ಲ ಅನ್ನುವುದನ್ನು ಜಾಸ್ತಿ ನಂಬಬೇಡಿ. ಲಾಗಿನ್ ಹಾಕಿದ ಕಡೆ ಜನ ಪಿಡಿಎಫ್ ಇಳಿಸಿಕೊಂಡು ವಾಟ್ಸಾಪ್‌ನಲ್ಲಿ ಹಂಚುತ್ತಾರೆ. ಎರಡು ವರ್ಷದ ಹಿಂದಿನ ಪಿಡಿಎಫ್ ನೋಡಿ, ಈಗ ಇಲ್ಲದ ಮೆನು ಹುಡುಕುತ್ತಿರುತ್ತಾರೆ. ನಿಮ್ಮ ಸಪೋರ್ಟ್‌ನವರನ್ನು ಒಮ್ಮೆ ಕೇಳಿ ನೋಡಿ.

ಪ್ರಶ್ನೆ (ಹುಬ್ಬಳ್ಳಿಯ ಸದಸ್ಯರು):
ಸರಿ, ತೆರೆದೇ ಇಡೋಣ. ಹಾಗಾದರೆ ಏನೇನು ತೆಗೆಯಬೇಕು? ಮತ್ತೆ ಸೇಲ್ಸ್‌ನವರು, ಕೊನೇ ಪಕ್ಷ ಹೆಸರು, ಫೋನ್ ನಂಬರ್ ಕೊಟ್ಟ ಮೇಲೆ ತೋರಿಸೋಣ ಅನ್ನುತ್ತಿದ್ದಾರೆ.

ಉತ್ತರ:
ಮೊದಲು ಸ್ಕ್ರೀನ್‌ಶಾಟ್‌ಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿ. ನನ್ನ ಅನುಭವದಲ್ಲಿ ಗುಟ್ಟು ಸೋರುವುದು ಅಲ್ಲೇ. ಯಾರೋ ಅವಸರದಲ್ಲಿ ನಿಜವಾದ ಗಿರಾಕಿಯ ಬಿಲ್ ಮೇಲೇ ಸ್ಕ್ರೀನ್‌ಶಾಟ್ ಹೊಡೆದಿರುತ್ತಾರೆ. ಅಂಗಡಿ ಹೆಸರು, ಜಿಎಸ್‌ಟಿ ನಂಬರ್, ಔಷಧಿಯ ಖರೀದಿ ದರ, ಮೂಲೆಯಲ್ಲಿ ಒಳಗಿನ ಸರ್ವರ್ ವಿಳಾಸ. ಎಪಿಐ ಗೈಡ್‌ನ ಉದಾಹರಣೆಗಳಲ್ಲಿ ಕೆಲಸ ಮಾಡುವ ಕೀ ಏನಾದರೂ ಉಳಿದಿದೆಯಾ ನೋಡಿ. ಉಳಿದಿದ್ದರೆ ಅಳಿಸಿದರೆ ಸಾಲದು, ಆ ಕೀಯನ್ನೇ ರದ್ದು ಮಾಡಿ. ನಿಮ್ಮ ಸಪೋರ್ಟ್ ತಂಡ ಒಳಗಡೆ ಬಳಸುವ ಟಿಪ್ಪಣಿಗಳು, ಇನ್ನೂ ಸರಿಪಡಿಸದ ಸೆಕ್ಯುರಿಟಿ ದೋಷಗಳು ಹೊರಗೆ ಬರಬಾರದು. ಹಳೇ ವರ್ಶನ್ ಪುಟಗಳ ಮೇಲೆ ಇದು ಹಳೆಯದು ಅಂತ ದೊಡ್ಡದಾಗಿ ಬರೆದು ಹೊಸದಕ್ಕೆ ಲಿಂಕ್ ಕೊಡಿ.

ಫಾರ್ಮ್ ಮಾತ್ರ ಬೇಡ. ಸುಮ್ನೆ ಹತ್ತು ಸಲ ಒಂಬತ್ತು ಒತ್ತಿ ಮುಂದೆ ಹೋಗುತ್ತಾರೆ, ನಿಮ್ಮ ಸೇಲ್ಸ್‌ನವರು ಆ ನಂಬರಿಗೆ ಫೋನ್ ಮಾಡುತ್ತಾ ಕೂರುತ್ತಾರೆ. ಪ್ರತಿ ಪುಟದ ಕೆಳಗೆ "ಡೆಮೋ ಬೇಕಾ?" ಅಂತ ಒಂದು ಬಟನ್ ಇಡಿ, ಒತ್ತಿದವರ ನಂಬರಾದರೂ ನಿಜವಾಗಿರುತ್ತದೆ. ಯಾವ ಪುಟದಿಂದ ಒತ್ತಿದರು ಅನ್ನುವುದನ್ನೂ ಸೇಲ್ಸ್‌ನವರಿಗೆ ಕಳಿಸಿ. ಎಕ್ಸ್‌ಪೈರಿ ರಿಟರ್ನ್ ಪುಟದಿಂದ ಬಂದ ಗಿರಾಕಿ ಹತ್ತಿರ ಏನು ಮಾತಾಡಬೇಕು ಅಂತ ಅವರಿಗೆ ನಾನು ಹೇಳಿಕೊಡಬೇಕಾಗಿಲ್ಲ.