ಮಳೆ ಹಿಡಿದರೆ ನಿದ್ದೆ ಬಿಡುವ ಹುಡುಗಿಗೆ ಮರಳಾಟದ ಚಿಕಿತ್ಸೆ ಆಗುತ್ತದೆಯೇ?

ಪ್ರಶ್ನೆ: ಕೊಡಗಿನ ಮಾದಾಪುರದ ಚಿಕ್ಕಮ್ಮ

2018ರ ಆಗಸ್ಟ್‌ನಲ್ಲಿ ಮನೆ ಹಿಂದಿನ ಬರೆ (ಗುಡ್ಡದ ಕಡಿದಾದ ಬದಿ) ಕುಸಿದಾಗ ನನ್ನ ಅಕ್ಕನ ಮಗಳು ಒಂದನೇ ತರಗತಿಯಲ್ಲಿದ್ದಳು. ಕೊಟ್ಟಿಗೆ, ಅರ್ಧ ಕಾಫಿ ತೋಟ ಎಲ್ಲವೂ ಕೆಸರಿನೊಂದಿಗೆ ತೋಡಿಗೆ ಹೋಯಿತು. ಮನೆಯವರೆಲ್ಲ ಉಳಿದರು. "ಜೀವ ಉಳಿಯಿತಲ್ಲ, ಇನ್ನೇನು ಬೇಕು?" ಎಂದು ನೆಂಟರು ಈಗಲೂ ಹೇಳುತ್ತಾರೆ, ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಹುಡುಗಿ ಈಗ ಹೈಸ್ಕೂಲಿನಲ್ಲಿದ್ದಾಳೆ. ಜೂನ್‌ನಲ್ಲಿ ಮಳೆ ಹಿಡಿಯಿತೆಂದರೆ ಚಪ್ಪಲಿ ಹಾಕಿಕೊಂಡೇ ಮಲಗುತ್ತಾಳೆ. ರಸ್ತೆಯಲ್ಲಿ ಜೆಸಿಬಿ ಸದ್ದಾದರೆ ಊಟ ಬಿಟ್ಟು ಎದ್ದು ಹೋಗುತ್ತಾಳೆ. ಒಬ್ಬ ಸಮಾಲೋಚಕರು ಮೊದಲ ದಿನವೇ "ಆ ರಾತ್ರಿ ಏನಾಯಿತು, ಹೇಳು" ಎಂದು ಒತ್ತಾಯಿಸಿದರು. ಮತ್ತೆ ಅವಳು ಅತ್ತ ಹೋಗಲಿಲ್ಲ. ಮಾತಿಲ್ಲದೆ, ಮರಳಿನಲ್ಲಿ ಗೊಂಬೆಗಳನ್ನು ಇಟ್ಟು ಮಾಡುವ ಚಿಕಿತ್ಸೆ ಇದೆ ಎಂದು ಕೇಳಿದೆ. ಅದು ಚಿಕ್ಕ ಮಕ್ಕಳಿಗೆ ಮಾತ್ರವೇ?

ಉತ್ತರ: ಮೈಸೂರಿನ ಆಪ್ತಸಮಾಲೋಚಕಿ

ಅಲ್ಲ, ದೊಡ್ಡವರಿಗೂ ಮಾಡುತ್ತಾರೆ. ಲಂಡನ್ನಿನ ಮಕ್ಕಳ ವೈದ್ಯೆ ಮಾರ್ಗರೆಟ್ ಲೋವೆನ್‌ಫೆಲ್ಡ್ 1929ರ ಹೊತ್ತಿಗೆ ಮರಳಿನ ತಟ್ಟೆ ಮತ್ತು ಆಟಿಕೆಗಳನ್ನು ಬಳಸತೊಡಗಿದರು. ಅದನ್ನು ಮನೋವೈದ್ಯ ಕಾರ್ಲ್ ಯೂಂಗ್ ಅವರ ಮನೋವಿಜ್ಞಾನದೊಂದಿಗೆ ಬೆಸೆದು ಸ್ಯಾಂಡ್‌ಪ್ಲೇ ಎಂಬ ಪದ್ಧತಿಯಾಗಿ ಬೆಳೆಸಿದವರು ಸ್ವಿಟ್ಜರ್ಲೆಂಡಿನ ಡೋರಾ ಕಾಲ್ಫ್.

ಮರಳಿನ ಪೆಟ್ಟಿಗೆ ಸುಮಾರು 72 ಸೆಂ.ಮೀ. ಉದ್ದ, 50 ಸೆಂ.ಮೀ.ಗೆ ತುಸು ಹೆಚ್ಚು ಅಗಲ. ತಲೆ ಹೊರಳಿಸದೆ ಒಂದೇ ನೋಟಕ್ಕೆ ಇಡೀ ಹರವು ಸಿಗಬೇಕು. ಒಳಗೆ ನೀಲಿ ಬಣ್ಣ ಬಳಿದಿರುತ್ತಾರೆ, ಮರಳು ಸರಿಸಿದರೆ ಹೊಳೆಯೋ ಕೆರೆಯೋ ಕಾಣಲೆಂದು. ಸಾಮಾನ್ಯವಾಗಿ ಒಂದು ಪೆಟ್ಟಿಗೆಯಲ್ಲಿ ಒಣ ಮರಳು, ಇನ್ನೊಂದರಲ್ಲಿ ಒದ್ದೆ ಮರಳು. ಕಪಾಟಿನಲ್ಲಿ ಮನೆ, ಮರ, ದನ, ಸೇತುವೆ, ಮನುಷ್ಯರು, ದೇವರು, ಭೂತ ಎಲ್ಲವೂ ಇರುತ್ತವೆ. ಹುಡುಗಿ ಬೇಕಾದದ್ದನ್ನು ತೆಗೆದುಕೊಂಡು ಇಡುತ್ತಾಳೆ, ಹೂಳುತ್ತಾಳೆ, ಅಗೆದು ತೆಗೆಯುತ್ತಾಳೆ. ಚಿಕಿತ್ಸಕಿ ಪಕ್ಕದಲ್ಲಿ ಕುಳಿತು ನೋಡುತ್ತಾಳೆ, ಅಷ್ಟೇ. "ಇದರ ಅರ್ಥ ಇಂಥದ್ದು" ಎಂದು ಅಲ್ಲೇ ವ್ಯಾಖ್ಯಾನ ಮಾಡುವುದಿಲ್ಲ. ಹುಡುಗಿ ಹೋದ ಮೇಲೆ ಫೋಟೋ ತೆಗೆದಿಟ್ಟುಕೊಂಡು ಪೆಟ್ಟಿಗೆಯನ್ನು ಬಿಡಿಸುತ್ತಾರೆ. ವಾರಗಳು ಕಳೆದಂತೆ ಚಿತ್ರ ಬದಲಾಗುತ್ತದೆಯೇ ಎಂಬುದೇ ಮುಖ್ಯ. ಒಂದು ಎಚ್ಚರಿಕೆ: ಒದ್ದೆ ಮರಳು ಜಾರುವುದನ್ನು ನೋಡಿಯೇ ನಿಮ್ಮ ಹುಡುಗಿಗೆ ಭಯ ಮರುಕಳಿಸಬಹುದು. ಆದ್ದರಿಂದ ದಯವಿಟ್ಟು ಮನೆಯಲ್ಲಿ ನೀವೇ ಮಾಡಿಸಬೇಡಿ. ತರಬೇತಿ ಪಡೆದವರು ಒಣ ಮರಳಿನಿಂದ ಆರಂಭಿಸಿ, ಅವಳ ಉಸಿರು, ಕೈಗಳನ್ನು ಗಮನಿಸುತ್ತಾ ಹೋಗುತ್ತಾರೆ.

ಉತ್ತರ: ಮಡಿಕೇರಿಯ ಮನೋವೈದ್ಯ

ಮೇಲಿನ ವಿವರ ಸರಿ. ಆದರೆ ಪುರಾವೆಯ ತೂಕವನ್ನೂ ಹೇಳಬೇಕು. ಮರಳಾಟದಿಂದ ಆತಂಕ ತಗ್ಗಿತೆಂದು ಹೇಳುವ ಅಧ್ಯಯನಗಳಿವೆ, ಹೆಚ್ಚಿನವು ಸಣ್ಣವು. ಆಘಾತದ ನಂತರದ ಒತ್ತಡದ ಕಾಯಿಲೆಗೆ ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಸೂಚಿಸಿದ್ದು ಆಘಾತಕ್ಕೆ ಹೊಂದಿಸಿದ ಸಿಬಿಟಿ (ಯೋಚನೆ, ನಡವಳಿಕೆಗಳನ್ನು ಬದಲಿಸುವ ಮಾತಿನ ಚಿಕಿತ್ಸೆ) ಮತ್ತು ಇಎಂಡಿಆರ್ (ಕಣ್ಣಿನ ಚಲನೆಯ ನೆರವಿನಿಂದ ಆಘಾತದ ನೆನಪನ್ನು ಹಗುರಗೊಳಿಸುವ) ಚಿಕಿತ್ಸೆಗಳನ್ನು. ವರ್ಷಗಳಿಂದ ನಿದ್ದೆ ಕೆಟ್ಟಿದೆಯೆಂದರೆ ಮೊದಲು ಸರಿಯಾದ ತಪಾಸಣೆ ಆಗಲಿ. ಮಾತಿಗೆ ಇನ್ನೂ ಸಿದ್ಧಳಿಲ್ಲದ ಹುಡುಗಿಗೆ ಮರಳು ಬಾಗಿಲು ತೆರೆಯಬಹುದು, ಅದರ ಜೊತೆಗೆ ಉಳಿದ ಚಿಕಿತ್ಸೆಯೂ ನಡೆಯಬೇಕು. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ರಾತ್ರಿ ಮಳೆಯಲ್ಲಿ ಹೊರಡಲಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದಿನವಿಡೀ ಉಚಿತ, ಕನ್ನಡದಲ್ಲೇ ಮಾತನಾಡಬಹುದು.

ಉತ್ತರ: ಮಕ್ಕಂದೂರಿನ ಶಿಕ್ಷಕಿ

ಚಪ್ಪಲಿ ಹಾಕಿ ಮಲಗುವುದನ್ನು ಯಾರೂ ಬಿಡಿಸಲು ಹೋಗಬೇಡಿ, ಅಕ್ಕ. ನಮ್ಮ ಶಾಲೆಯ ಮಕ್ಕಳಲ್ಲೂ ಅದನ್ನು ಕಂಡಿದ್ದೇನೆ. ಮಳೆಯ ಮುನ್ಸೂಚನೆ ಬಂದ ದಿನ ಎಲ್ಲಿಗೆ, ಯಾವ ದಾರಿಯಲ್ಲಿ, ಯಾರೊಂದಿಗೆ ಹೋಗುವುದೆಂದು ಅವಳ ಜೊತೆಯಲ್ಲೇ ತೀರ್ಮಾನಿಸಿ ಬರೆದಿಡಿ. ನಮ್ಮೂರಲ್ಲಿ ಈ ಭಯಕ್ಕೆ ಕಾರಣವಿದೆ, ಅದನ್ನು ಸುಳ್ಳೆನ್ನಬಾರದು.

ಮಾದಾಪುರದ ಚಿಕ್ಕಮ್ಮ

ಎಲ್ಲರಿಗೂ ಕೃತಜ್ಞಳು. ಮಡಿಕೇರಿಗೆ ಹೋಗೋಣವೇ ಎಂದು ಅವಳನ್ನೇ ಕೇಳಿದೆ. ಆ ರಾತ್ರಿಯ ಮಾತು ತೆಗೆಯುವುದಿಲ್ಲವೆಂದರೆ ಬರುತ್ತೇನೆ ಎಂದಳು. ಮೈಸೂರಿನವರೇ, ಮರಳಾಟದ ಕೋಣೆಯೊಳಗೆ ಅಕ್ಕನೂ ಇರಬಹುದೇ?

ಮೈಸೂರಿನ ಆಪ್ತಸಮಾಲೋಚಕಿ

ಹುಡುಗಿ ಬಯಸಿದರೆ ಮೊದಲ ಭೇಟಿಯಲ್ಲಿ ಇರಬಹುದು. ಆದರೆ "ಇದೇನು ಇಟ್ಟೆ?" ಎಂದು ಅಕ್ಕ ಅಲ್ಲಿಯೂ ಕೇಳಬಾರದು, ಮನೆಗೆ ಬಂದ ಮೇಲೂ ಕೇಳಬಾರದು.