ರುಮಾಲಿನಾಗಿನ ಖಸ್ ವಾಸನಿ ಉಳಿಸೋದು ಹ್ಯಾಂಗ?

ಪರಸಿ_ಅಂಗಳ, ಕಲಬುರಗಿ (ಪ್ರಶ್ನೆ)

ನಮ್ಮ ಮಾವನವರು ತೀರಿ ಐದು ತಿಂಗಳಾತು. ದಿನಾ ಖಸ್ (ಲಾವಂಚ) ಅತ್ತರ ಹಚ್ಚೋರು, ತಲಿಗಿ ಕೊಬ್ಬರಿ ಎಣ್ಣಿ, ಬಾಯಾಗ ಎಲಿ-ತಂಬಾಕು. ಅತ್ತಿ ಹತ್ರ ಉಳಿದಿದ್ದು ಮೂರೇ ಸಾಮಾನು: ಒಗೀದೇ ಇಟ್ಟ, ತಲಿಗಿ ಸುತ್ತೋ ಬಿಳಿ ರುಮಾಲು, ಒಂದು ಟೆರಿಕಾಟ್ ಅಂಗಿ, ತಳಕ್ಕ ಅಂಟಿಕೊಂಡಷ್ಟೇ ಉಳಿದಿರೋ ಅತ್ತರ ಶೀಸಿ. ಶೀಸಿ ಮ್ಯಾಲ ಚೀಟಿ ಇಲ್ಲ.

ಮೊನ್ನೆ ಕೂಲರಿಗಿ ಹೊಸಾ ಖಸ್ ಟಟ್ಟಿ (ಬೇರಿನ ಪ್ಯಾಡ್) ಹಾಕಿದ್ವಿ. ಮೊದಲನೇ ಗಾಳಿ ಬಂದಿದ್ದೇ ತಡ, ಅತ್ತಿ "ಬಂದ್ರೇನು?" ಅಂತ ಬಾಗಲ ಕಡಿ ನೋಡಿದ್ರು. ಅವತ್ತಿಂದ ದಿನಾ ನಾಕೈದು ಸಲ ರುಮಾಲು ಮೂಸ್ತಾರ, "ವಾಸನಿ ಹೋಗಲತ್ತದ" ಅಂತ ಹೌಹಾರ್ತಾರ.

ಕೇಳೋದು ಇಷ್ಟು. ಇಲ್ಲಿ ಬ್ಯಾಸಗಿ ಬಿಸಲಾಗ ಅರಿವಿ ವಾಸನಿ ಹೋಗದಂಗ ಇಡೋದು ಹ್ಯಾಂಗ? ಅದೇ ಅತ್ತರ ಹುಡುಕೋದು ಹ್ಯಾಂಗ? ಹಿಂಗ ದಿನಾ ಮೂಸೋದು ಅವರಿಗಿ ಛಲೋನೋ, ಬಿಡಿಸಬೇಕೋ? ಟ್ರಂಕಿನಾಗ ಡಾಂಬರ ಗುಳಿಗಿ (ನುಸಿ ಗುಳಿಗಿ) ಹಾಕಿ ಇಡ್ರಿ ಅಂತ ಒಬ್ರು ಅಂದಾರ.

---

ಮಗ್ಗದ_ಮನಿ, ಯಾದಗಿರಿ

ಡಾಂಬರ ಗುಳಿಗಿ ಮಾತ್ರ ಬ್ಯಾಡ್ರಿ. ಅದು ಕರಗಿ ನೀರಾಗಲ್ಲ, ನೇರ ಆವಿಯಾಗಿ ಅರಿವಿ ಎಳಿ ಎಳಿಯಾಗ ಕೂಡ್ತದ. ಒಂದು ವಾರ ಇಟ್ರ ಖಸ್ ಯಾವುದು, ಗುಳಿಗಿ ಯಾವುದು ಗೊತ್ತಾಗಲ್ಲ. ಒಮ್ಮೆ ಹೊಕ್ಕಿದ್ದು ಒಗೀದೇ ಹೋಗಲ್ಲ, ಒಗದ್ರ ಮಾವನವರ ವಾಸನಿನೂ ಹೋಯ್ತು. ಕರ್ಪೂರ, ಬೇವಿನ ಎಲಿ, ಊದಿನಕಡ್ಡಿ ಡಬ್ಬಿ ಇವೂ ಹತ್ರ ಇರಬಾರದು.

ವಾಸನಿ ಅಂದ್ರ ಅರಿವಿಯಿಂದ ಹಾರಿ ಬರೋ ಕಣ. ಹಾರಿದ್ದಷ್ಟೇ ಮೂಗಿಗಿ ಸಿಗ್ತದ, ಹಾರಿದ್ದು ವಾಪಸ್ ಬರಲ್ಲ. ಅದಕ್ಕ ಮಾಡೋ ಕೆಲಸ ಎರಡೇ: ಹಾರೋ ಜಾಗ ಸಣ್ಣದು ಮಾಡೋದು, ಬಿಸಿ ತಪ್ಪಿಸೋದು.

ಮೊದಲು ರುಮಾಲು, ಅಂಗಿ ಬ್ಯಾರೆ ಬ್ಯಾರೆ ಮಾಡ್ರಿ. ಟೆರಿಕಾಟಿನಾಗ ಪಾಲಿಯೆಸ್ಟರ್ ಇರ್ತದ, ಅದು ಮೈ ಎಣ್ಣಿ, ಬೆವರಿನ ವಾಸನಿ ಹತ್ತಿಗಿಂತ ಗಟ್ಟಿಯಾಗಿ ಹಿಡೀತದ. ಎರಡೂ ಒಂದೇ ಕಡಿ ಇಟ್ರ ಅಂಗಿ ಬೆವರು ರುಮಾಲಿಗಿ ಏರಿ ಖಸ್ ಮುಚ್ಚಿಬಿಡ್ತದ.

ಹಸಿ ಇದ್ರ ಬೂಸರು ಬರ್ತದ, ಆಮ್ಯಾಲ ಏನೂ ಮಾಡೋಕಾಗಲ್ಲ. ಕೈ ಹಿಂಬದಿಯಿಂದ ಮುಟ್ಟಿ ನೋಡ್ರಿ. ತಣ್ಣಗ ಹತ್ತಿದ್ರ ಫ್ಯಾನ್ ಹಚ್ಚದೇ, ಅಡಗಿ ಮನಿಯಿಂದ ದೂರ, ನೆರಳಾಗ ಅರ್ಧ ತಾಸು ಬಿಡ್ರಿ. ಬಿಸಲಿಗಿ ಹಾಕಬ್ಯಾಡ್ರಿ, ಇಸ್ತ್ರಿಯಂತೂ ಮುಟ್ಟಿಸಲೇಬ್ಯಾಡ್ರಿ.

ರುಮಾಲು ಮಡಚೋವಾಗ ತಲಿಗಿ ಹತ್ತಿದ ಭಾಗ ಒಳಗ ಬರಬೇಕು, ವಾಸನಿ ಎಲ್ಲಾ ಅಲ್ಲೇ ಇರ್ತದ. ಮ್ಯಾಲ ಅಲ್ಯೂಮಿನಿಯಂ ಫಾಯಿಲ್ ಸುತ್ತಿ ಅಂಚು ಎರಡೆರಡು ಸಲ ಮಡಚ್ರಿ. ಹಂಗೇ ಗಾಜಿನ ಭರಣಿಯಾಗ ಇಡ್ರಿ. ಭರಣಿ ರುಮಾಲು ಹಿಡಿಯೋವಷ್ಟೇ ಇರಲಿ, ದೊಡ್ಡದು ತರಬ್ಯಾಡ್ರಿ. ಒಳಗ ಗಾಳಿ ಜಾಸ್ತಿ ಇದ್ದಷ್ಟೂ ಪ್ರತಿ ಸಲ ತೆಗೆದಾಗ ಅಷ್ಟು ವಾಸನಿ ಹೊರಗ ಹೋಗ್ತದ. ಇನ್ನೊಂದು, ಕೊಬ್ಬರಿ ಎಣ್ಣಿ ಗಾಳಿ-ಬೆಳಕಿಗಿ ಕಮಟು ಹಿಡೀತದ, ಫಾಯಿಲ್ ಅದನ್ನೂ ತಡೀತದ. ತೆಳು ಪ್ಲಾಸ್ಟಿಕ್ ಚೀಲ ಉಪಯೋಗಿಲ್ಲ, ಗಾಳಿ ಆಡದಂಗ ಕಂಡ್ರೂ ಸುಗಂಧದೆಣ್ಣಿ ಪ್ಲಾಸ್ಟಿಕ್ ಹೀರಿ ಹೊರಗ ಬಿಡ್ತದ. ಸ್ಟೀಲ್ ಡಬ್ಬಿ ಮುಚ್ಚಳಾನೂ ಅಷ್ಟು ಬಿಗಿ ಇರಲ್ಲ.

ಜಾಗ: ಅಟ್ಟ ಬ್ಯಾಡ. ಏಪ್ರಿಲ್-ಮೇದಾಗ ಹೊರಗ 40 ಡಿಗ್ರಿ ದಾಟಿದಾಗ ಛತ್ತಿನ ಕೆಳಗ ಕೈ ಇಡೋಕಾಗಲ್ಲ. ಪಡುವಣ ಗ್ವಾಡಿಗಿ ಹತ್ತಿದ ಅಲಮಾರಿನೂ ಬ್ಯಾಡ. ನಡುಮನಿ ಅಲಮಾರಿ ಕೆಳಗಿನ ಖಾನಿ ಛಲೋ, ಶಹಾಬಾದ್ ಪರಸಿ ನೆಲದ ತಂಪು ಸಿಗ್ತದ. ಮಳಿಗಾಲದಾಗ ಮಾತ್ರ ನೆಲದಿಂದ ಒಂದು ಗೇಣು ಮ್ಯಾಲ ಇರಲಿ. ಫ್ರಿಜ್ಜಿನಾಗ ಇಟ್ರ ಇನ್ನೂ ಛಲೋ, ಆದ್ರ ಒಂದು ನೆನಪಿಡ್ರಿ: ಹೊರಗ ತೆಗೆದ ಮ್ಯಾಲ ಎರಡು ತಾಸು ಮುಚ್ಚಳ ತೆಗೀಬ್ಯಾಡ್ರಿ. ತಣ್ಣನ ಅರಿವಿ ಮ್ಯಾಲ ಬಿಸಿ ಗಾಳಿ ಬಿದ್ರ ನೀರು ಕೂಡ್ತದ, ಅಲ್ಲಿಂದ ಬೂಸರು.

ದಿನಾ ಮೂಸೋರಿದ್ರ ರುಮಾಲನ್ನೇ ಕೊಡಬ್ಯಾಡ್ರಿ. ಒಂದು ಹಳೀ ಹತ್ತಿ ಕರ್ಚೀಫು ಬರೀ ಬಿಸಿನೀರಾಗ ಎರಡು ಸಲ ಅದ್ದಿ ಒಣಗಿಸ್ರಿ, ಸಾಬೂನು, ಸೋಡಾ ಏನೂ ಬ್ಯಾಡ. ಅದನ್ನ ರುಮಾಲಿನ ಮಡಿಕಿಯಾಗ ಹದಿನೈದು ದಿನ ಇಡ್ರಿ. ಆಮ್ಯಾಲ ಅತ್ತಿ ಕೈಗಿ ಆ ಕರ್ಚೀಫು ಕೊಡ್ರಿ, ರುಮಾಲು ಮುಚ್ಚೇ ಇರಲಿ. ಕರ್ಚೀಫಿಗಿ ಹೋಗಿದ್ದು ರುಮಾಲಿನಿಂದಲೇ ಹೋಗಿದ್ದು, ಅದಕ್ಕ ತಿಂಗಳಿಗಿ ಒಂದಕ್ಕಿಂತ ಜಾಸ್ತಿ ಮಾಡಬ್ಯಾಡ್ರಿ. ಮತ್ತ ಉಳ್ಳಾಗಡ್ಡಿ ಹೆಚ್ಚಿದ ಕೈಲೆ, ಪೌಡರ್ ಹಚ್ಚಿದ ಕೈಲೆ ಮುಟ್ಟಬಾರದು.

---

ಶೀಸಿ_ಬೂಚು, ಕಲಬುರಗಿ

ಅತ್ತರ ಮಾತು ನಾ ಹೇಳ್ತೀನಿ.

ಮೊದಲ ತಪ್ಪು ಎಲ್ಲಾರೂ ಮಾಡೋದು: ಹೊಸಾ ಅತ್ತರ ತಂದು ಹಳೀ ರುಮಾಲಿಗಿ ಹಚ್ಚೋದು. ಹಚ್ಚಿದ್ರ ಕೆಲಸ ಕೆಟ್ಟಂಗೇ. ಹಳೇದು ಹೊಸಾದ್ರ ಕೆಳಗ ಹೂತುಹೋಗ್ತದ, ಮತ್ತ ಎತ್ತೋಕಾಗಲ್ಲ. ಹೊಸಾದಕ್ಕ ಬ್ಯಾರೆ ಅರಿವಿ ಇರಲಿ.

ಖಸ್ ಅಂದ್ರ ಲಾವಂಚದ ಬೇರು. ಉತ್ತರ ಪ್ರದೇಶದ ಕನೌಜಿನ ಹಳೀ ಪದ್ಧತ್ಯಾಗ ತಾಮ್ರದ ದೇಗಿನಾಗ ಬೇರು, ನೀರು ಹಾಕಿ, ಬಾಯಿ ಮಣ್ಣಿಲೆ ಮೆತ್ತಿ, ಬಿದಿರ ಕೊಳವಿಯಿಂದ ಹಬಿ ಭಪಕಾ ಅನ್ನೋ ಇನ್ನೊಂದು ಪಾತ್ರಿಗಿ ಇಳಿಸ್ತಾರ. ಭಪಕಾದಾಗ ಮೊದಲೇ ಶ್ರೀಗಂಧದ ಎಣ್ಣಿ ಇದ್ರ ಅದು ಅತ್ತರ. ಬೇರಿನ ಎಣ್ಣಿ ಅಷ್ಟೇ ತೆಗೆದ್ರ ಅದು ರೂಹ್ ಖಸ್. ಗಂಧದ ಎಣ್ಣಿ ತುಟ್ಟಿ ಆದ ಮ್ಯಾಲ ಗಂಧದ ಬದಲಿ ಬ್ಯಾರೆ ಎಣ್ಣಿಯಾಗ ಕೂಡಿಸಿದ ಮಾಲೇ ಬಾಳ ಬರ್ತದ. ಅದಕ್ಕ "ಖಸ್ ಕೊಡ್ರಿ" ಅಂದ್ರ ಒಂದೊಂದು ಅಂಗಡ್ಯಾಗ ಒಂದೊಂದು ವಾಸನಿ. ಹೆಸರು ಹಿಡದು ಹುಡುಕೋದು ದಂಡ. ಮಾವನವರು ಯಾವ ಅಂಗಡಿಗಿ ಹೋಗ್ತಿದ್ರು ಅನ್ನೋದು ಅತ್ತಿಗೋ ಅವರ ಗೆಳೆಯರಿಗೋ ಕೇಳ್ರಿ. ದರ್ಗಾದ ಆಜೂಬಾಜೂ ಹಳೀ ಅಂಗಡಿಯವರು ಕಾಯಂ ಗಿರಾಕಿದು ಮಾಲು ನೆನಪಿಟ್ಟಿರ್ತಾರ. ಉರುಸಿನಾಗ ಹೊರಗಿಂದ ಬಂದು ಹಾಕೋ ಅಂಗಡ್ಯಾಗ ಸಿಕ್ಕಿದ್ರೂ ಖುಷಿ ಪಡಬ್ಯಾಡ್ರಿ, ಮುಂದಿನ ತಿಂಗಳು ಆ ಮನಷಾ ಎಲ್ಲಿರ್ತಾನೋ.

ಶೀಸಿಗಿ ನೀರು, ಸ್ಪಿರಿಟ್ಟು ಏನೂ ಹಾಕಿ ತೊಳೀಬ್ಯಾಡ್ರಿ. ಖಸ್ ಮೊದಲೇ ದಪ್ಪ, ಹಳೇದಾದ್ರ ಜೇನಿನಂಗ ಅಂಟ್ತದ. ಮುಷ್ಟಿಯಾಗ ಐದು ನಿಮಿಷ ಹಿಡದು ಬೆಚ್ಚಗ ಮಾಡ್ರಿ, ಬೂಚು ತೆಗೆದು ಅದರ ತುದಿ ಬಿಳಿ ಕಾಗದದ ಪಟ್ಟಿಗಿ ಮುಟ್ಟಿಸ್ರಿ, ತಕ್ಷಣ ಮುಚ್ರಿ. ಆ ಪಟ್ಟಿ ಫಾಯಿಲಿನಾಗ ಸುತ್ತಿ ಅಂಗಡಿಗಿ ಒಯ್ಯಿರಿ. ಶೀಸಿ, ರುಮಾಲು ಮನ್ಯಾಗೇ ಇರಲಿ.

ಹೋಗೋದು ಮುಂಜಾನಿ. ಮೈಗಿ ಅತ್ತರ, ತಲಿಗಿ ಹೂವು ಬ್ಯಾಡ. ಒಮ್ಮಿಗಿ ಮೂರು, ಹೆಚ್ಚಂದ್ರ ನಾಕು ಮೂಸ್ರಿ, ಐದನೇದು ಮೂಗಿಗಿ ಹತ್ತಲ್ಲ. ಕಾಫಿ ಬೀಜ ಮೂಸಿದ್ರ ಮೂಗು ತೆರೀತದ ಅಂತಾರ, ಸುಮ್ನೆ ಹೊರಗ ಹೋಗಿ ನಿಂತು ಗಾಳಿ ತಗೊಂಡ್ರೂ ಅಷ್ಟೇ. ಶರಬತ್ತಿನಂಗ ಗಿಣಿಹಸಿರು ಕಂಡ್ರ ಬಣ್ಣ ಹಾಕ್ಯಾರ ಅಂತ ತಿಳೀರಿ. ತಾಮ್ರದಾಗ ತೆಗೆದ ರೂಹಿಗಿ ಹಸಿರು ಝಳಕು ಇರ್ತದ, ಖರೇ, ಆದ್ರ ಅದು ಮಬ್ಬು ಹಸಿರು.

ಇಲ್ಲೇ ಬಾಳ ಮಂದಿ ಮೋಸ ಹೋಗೋದು. ಮಾವನವರ ಶೀಸ್ಯಾಗಿಂದು ವರ್ಷಗಟ್ಟಲೆ ಗಾಳಿ ಕುಡದು ಮೆತ್ತಗಾಗ್ಯದ. ಹೊಸಾದು ಅದೇ ಮಾಲಿದ್ರೂ ಬೂಚು ತೆಗೆದಾಗ ಖಾರ ಹೊಡೀತದ, ಹಸೀ ಬೇರಿನಂಗ. ಅತ್ತಿ ಒಮ್ಮಿ ಮೂಸಿ "ಇದಲ್ಲ" ಅಂದೇಬಿಡ್ತಾರ. ಅದಕ್ಕ 3 ಮಿಲಿ ಶೀಸಿಯಷ್ಟೇ ತಗೊಂಡು ಬರ್ರಿ, ತೊಲಗಟ್ಟಲೆ ಬ್ಯಾಡ (ತೊಲ ಅಂದ್ರ 11.66 ಗ್ರಾಂ, ಖರೇ ಮಾಲಿದ್ರ ರೊಕ್ಕ ಬಾಳ). ಹತ್ತಿ ಅರಿವಿಗಿ ಕಾಳಿನಷ್ಟು ಹಚ್ಚಿ ಒಂದು ದಿನ ಬಿಡ್ರಿ. ಮರುದಿನ ಆ ಅರಿವಿ ಕೊಡ್ರಿ, ಶೀಸಿ ತೋರಿಸಬ್ಯಾಡ್ರಿ.

---

ನಿಧಾನ_ಮಾತು, ಬೀದರ್

ಮೂರನೇ ಪ್ರಶ್ನೆಗೆ ಉತ್ತರಿಸುತ್ತೇನೆ. ಮೇಲಿನ ಎರಡಕ್ಕೂ ಇದಕ್ಕೂ ನಂಟಿದೆ.

ಕಣ್ಣು, ಕಿವಿಯ ಸುದ್ದಿ ಮೊದಲು ಥಲಾಮಸ್ ಎಂಬ ಕಟ್ಟೆಯಲ್ಲಿ ನಿಂತು, ಆಮೇಲೆ ಮಿದುಳಿನ ಹೊರಪದರಕ್ಕೆ ಹೋಗುತ್ತದೆ. ಮೂಗಿನ ಸುದ್ದಿ ಆ ಕಟ್ಟೆಯಲ್ಲಿ ನಿಲ್ಲದೆ ಭಾವನೆಯ ಅಮಿಗ್ಡಲಕ್ಕೂ ನೆನಪಿನ ಹಿಪ್ಪೊಕ್ಯಾಂಪಸ್‌ಗೂ ಬಲು ಬೇಗ ಮುಟ್ಟುತ್ತದೆ. ಅದಕ್ಕೇ ನಿಮ್ಮ ಅತ್ತೆಗೆ "ಇದು ಖಸ್" ಎನ್ನುವ ಹೆಸರು ಹೊಳೆಯುವ ಮೊದಲೇ "ಬಂದ್ರೇನು" ಬಾಯಿಗೆ ಬಂದದ್ದು. ಇದು ಭ್ರಮೆಯಲ್ಲ, ದಾರಿ ಹತ್ತಿರದ್ದು ಅಷ್ಟೇ.

ಮೂಗಿನಲ್ಲಿ ವಾಸನೆ ಹಿಡಿಯುವ ಸುಮಾರು 400 ಬಗೆಯ ಗ್ರಾಹಕಗಳಿವೆ (ರಿಸೆಪ್ಟರ್). ರಿಚರ್ಡ್ ಆ್ಯಕ್ಸೆಲ್ ಮತ್ತು ಲಿಂಡಾ ಬಕ್‌ಗೆ 2004ರ ನೊಬೆಲ್ ಬಂದದ್ದು ಈ ಗ್ರಾಹಕಗಳ ಕೆಲಸಕ್ಕೇ. ಒಂದು ವಾಸನೆ ಎಂದರೆ ಅವುಗಳಲ್ಲಿ ಯಾವ್ಯಾವುದು ಎಷ್ಟೆಷ್ಟು ಎದ್ದಿತು ಎಂಬ ವಿನ್ಯಾಸ. ಮಾವನವರ ವಿನ್ಯಾಸದಲ್ಲಿ ಖಸ್ ಒಂದು ಪಾಲು, ಉಳಿದದ್ದು ತಂಬಾಕು, ಎಣ್ಣೆ, ಮೈ. ಅಂಗಡಿಯ ಖಸ್ ಎಷ್ಟೇ ಸರಿಯಾಗಿದ್ದರೂ ಆ ಒಂದು ಪಾಲು ಮಾತ್ರ ಹೊಂದುತ್ತದೆ. ಅತ್ತೆಗೆ ಇದನ್ನು ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅಂಗಡಿ ತಿರುಗಿದಷ್ಟೂ ನಿರಾಸೆ.

"ವಾಸನೆ ಹೋಗಲತ್ತದ" ಎಂಬ ಹೌಹಾರಿಕೆಗೆ ಹೆಚ್ಚಿನ ಪಾಲು ಕಾರಣ ರುಮಾಲಲ್ಲ, ಮೂಗು. ಒಂದೇ ವಾಸನೆಗೆ ಮೂಗು ಕೆಲವೇ ನಿಮಿಷದಲ್ಲಿ ಒಗ್ಗಿಕೊಳ್ಳುತ್ತದೆ. ಮುಖಕ್ಕೆ ಹಿಡಿದುಕೊಂಡು ಹತ್ತು ನಿಮಿಷ ಕೂತರೆ ವಾಸನೆ ಇದ್ದೂ ಇಲ್ಲ. ಆಗ ಗಾಬರಿಯಾಗಿ ಇನ್ನೂ ಒತ್ತಿ ಮೂಸುತ್ತಾರೆ, ಬಿಸಿಯುಸಿರು, ಕಣ್ಣೀರು ತಾಗಿ ನಿಜಕ್ಕೂ ಬಟ್ಟೆ ಕೆಡುತ್ತದೆ. ಎರಡು-ಮೂರು ಉಸಿರು ತೆಗೆದು, ದೂರವಿಟ್ಟು, ಕಾಲು ತಾಸಿನ ನಂತರ ಮತ್ತೆ ಮೂಸಲಿ. ವಯಸ್ಸಾದಂತೆ ಘ್ರಾಣಶಕ್ತಿಯೂ ಇಳಿಯುತ್ತದೆ. ಒಗ್ಗರಣೆ, ಅನಿಲ ಸೋರಿದ ವಾಸನೆಯೂ ತಿಳಿಯದಿದ್ದರೆ ಮೂಗಿನ ಡಾಕ್ಟರಿಗೆ ತೋರಿಸಬೇಕು.

ಬಿಡಿಸಬೇಕೇ? ಬೇಡ. 2018ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದವರು 96 ಜೋಡಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ, ಸಂಗಾತಿ ತೊಟ್ಟ ಅಂಗಿ ಮೂಸಿದ ಹೆಂಗಸರಿಗೆ ಒತ್ತಡ ಕಡಿಮೆ ಅನ್ನಿಸಿತು. ಅಪರಿಚಿತ ಗಂಡಸಿನ ಅಂಗಿ ಮೂಸಿದವರಲ್ಲಿ ಒತ್ತಡದ ಹಾರ್ಮೋನ್ ಕಾರ್ಟಿಸೋಲ್ ಏರಿತು. ಆದರೆ ಅಲ್ಲಿನ ಸಂಗಾತಿಗಳು ಬದುಕಿದ್ದವರು. ತೀರಿದವರ ವಿಷಯಕ್ಕೆ ಅದನ್ನು ಹಾಗೇ ಎಳೆದು ತರಬಾರದು.

ಬಿಡಿಸುವ ಬದಲು ಅಂತರ ಹೆಚ್ಚಿಸಿ. ದಿನಕ್ಕೆ ಐದು ಸಲ ಮೂಸಿದರೆ ಆ ವಾಸನೆಗೆ ಹೊಸ ನೆನಪು ಅಂಟುತ್ತಾ ಹೋಗುತ್ತದೆ: ಖಾಲಿ ಮಂಚ, ಅಳು, ಇವತ್ತಿನ ಮಧ್ಯಾಹ್ನ. ವಾರಕ್ಕೊಂದು ದಿನ, ಗೊತ್ತಾದ ಹೊತ್ತು, ಪಕ್ಕದಲ್ಲಿ ಒಬ್ಬರು ಕೂತು ಅವರ ಮಾತು ಆಡುತ್ತಾ. ರಾತ್ರಿ ಮಲಗುವ ಮುಂಚೆ ಬೇಡ.

ಖಸ್ ಇಲ್ಲದ ಹೊತ್ತಿನಲ್ಲೂ "ಅವರ ವಾಸನಿ ಬಂತು" ಎಂದರೆ ಹೆದರಬೇಡಿ, ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡವರಲ್ಲಿ ಅದು ಸಾಮಾನ್ಯ. ಸುಟ್ಟ ರಬ್ಬರಿನಂಥ ಕೆಟ್ಟ ವಾಸನೆ ಕೆಲವೇ ಕ್ಷಣ ಬಂದು ಹೋಗುವುದು, ಮತ್ತೆ ಮತ್ತೆ ಆಗುವುದು, ಆಗ ನೋಟ ನೆಟ್ಟು ಮಾತು ನಿಲ್ಲುವುದು ಇದ್ದರೆ ಅದು ಬೇರೆ, ನರರೋಗದ ಡಾಕ್ಟರಿಗೆ ತೋರಿಸಿ. ಉಣ್ಣುವುದು ಬಿಟ್ಟರೆ, ಮನೆಯವರ ಮಾತಿಗೂ ಬರದಿದ್ದರೆ, "ನಾನೂ ಹೋಗ್ತೀನಿ" ಎಂದರೆ ತಿಂಗಳು ಎಣಿಸುತ್ತಾ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು-ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು.

---

ಜ್ವಾಳದ_ಹೊಲ, ಸೇಡಂ

ತೀರಿದವರ ಅರಿವಿ ಮನ್ಯಾಗ ಇಡಬಾರದು, ಕೊಟ್ಟುಬಿಡಬೇಕು ಅಂತಾರಲ್ರಿ ಹಿರಿಯರು?

ಮಗ್ಗದ_ಮನಿ, ಯಾದಗಿರಿ

ಕೊಡ್ಲಿ. ಎಲ್ಲಾ ಕೊಟ್ಟು ಒಂದು ಇಟ್ಕೊಂಡ್ರ ಯಾರದೇನೂ ಹೋಗಲ್ಲ. ಕೊಡೋ ಮೊದಲು ಯಾವುದು ಇಡಬೇಕು ಅಂತ ಅತ್ತಿನೇ ಆರಿಸಲಿ, ಮಕ್ಕಳು ಗಂಟು ಕಟ್ಟಿ ಒಯ್ದ ಮ್ಯಾಲ ಹುಡುಕಿದ್ರ ಸಿಗಲ್ಲ.

---

ಪರಸಿ_ಅಂಗಳ, ಕಲಬುರಗಿ

ಎಲ್ಲಾರಿಗೂ ಶರಣ್ರಿ. ಉಪ್ಪಿನಕಾಯಿ ಭರಣಿ ಒಂದದ, ತೊಳದ್ರೂ ಮುಚ್ಚಳದ ರಬ್ಬರಿಗಿ ಮೆಂತೆ ವಾಸನಿ ಹೋಗಿಲ್ಲ. ನಡೀತದೇನು? ಮತ್ತ ಕೂಲರ್ ಟಟ್ಟಿ ತಗೀಬೇಕೋ?

ಮಗ್ಗದ_ಮನಿ, ಯಾದಗಿರಿ

ಉಪ್ಪಿನಕಾಯಿ ಭರಣಿ ನಡಿಯಲ್ಲ, ಹೊಸಾದು ತರ್ರಿ. ಹೊಸಾ ರಬ್ಬರಿಗೂ ಅದರದೇ ವಾಸನಿ ಇರ್ತದ. ರಬ್ಬರ್ ಬಿಚ್ಚಿ ಬಿಸಿನೀರಾಗ ಅದ್ದಿ ವಾರ ಗಾಳಿಗಿ ಬಿಡ್ರಿ, ಹಾಕೋವಾಗ ಭರಣಿ ಬಾಯಿಗಿ ಫಾಯಿಲ್ ಹಾಸಿ ಮ್ಯಾಲ ಮುಚ್ಚಳ ತಿರುವ್ರಿ.

ಶೀಸಿ_ಬೂಚು, ಕಲಬುರಗಿ

ಟಟ್ಟಿದು ಅತ್ತಿಗೇ ಕೇಳ್ರಿ, ಕೇಳದೇ ತೆಗದ್ರೂ ತಪ್ಪು, ಕೇಳದೇ ಇಟ್ರೂ ತಪ್ಪು. ಬ್ಯಾಡ ಅಂದ್ರ ಕಟ್ಟಿಗಿ ನಾರಿನ ಪ್ಯಾಡ್ ಹಾಕ್ರಿ. ಬೇಕು ಆದ್ರ ಕಮ್ಮಿ ಇರಲಿ ಅಂದ್ರ, ಖಸ್ ಬೇರು 10 ಗ್ರಾಂ ತೊಳದು ತೆಳು ಅರಿವ್ಯಾಗ ಕಟ್ಟಿ ಕುಡಿಯೋ ನೀರಿನ ಹರವಿಗಿ ಬಿಡ್ರಿ, ನಾಕು ದಿನಕ್ಕ ಬದಲಿಸ್ರಿ. ಟಟ್ಟಿ ಉಳಿಸಿದ್ರ ರಾತ್ರಿ ಪಂಪ್ ಬಂದ್ ಮಾಡಿ ಅರ್ಧ ತಾಸು ಬರೀ ಫ್ಯಾನ್ ಓಡಿಸ್ರಿ. ನಮ್ಮ ಬೋರಿನ ನೀರಿಗಿ ಸುಣ್ಣ ಕಟ್ಟಿ ಬೇರು ಬೆಳ್ಳಗಾಗ್ತದ, ಹಸಿ ಉಳಿದ್ರ ಖಸ್ ಹೋಗಿ ಮುಗ್ಗಲು ವಾಸನಿ ಬರ್ತದ.

ಪರಸಿ_ಅಂಗಳ, ಕಲಬುರಗಿ

ಕೇಳಿದ್ನ್ರಿ. "ಟಟ್ಟಿ ಇರಲಿ, ಕೂಲರ್ ಪಡಸಾಲ್ಯಾಗ ಇಡು. ನನ್ನ ಖೋಲಿಗಿ ಬ್ಯಾಡ, ನಾನೇ ಬೇಕಾದಾಗ ಹೊರಗ ಬಂದು ಕೂಡ್ತೀನಿ" ಅಂದ್ರು.