ನಂದಿ ಬೆಟ್ಟದ ಬುಡದ ಊರಿಗೆ ಫ್ರೆಶ್ ಬೊಕೆ ಕಳ್ಸೋದು ಹೇಗೆ?

ಹೊಸಮನೆ_ಹುಡ್ಗಿ: ಅಪ್ಪ ಅಮ್ಮ ಇರೋದು ನಂದಿ ಗ್ರಾಮದಲ್ಲಿ, ಭೋಗನಂದೀಶ್ವರ ದೇವಸ್ಥಾನದ ಹತ್ರ. ಮುಂದಿನ ವಾರ ಅವ್ರ ಆನಿವರ್ಸರಿ. ಸೈಟಲ್ಲಿ ಪಿನ್‌ಕೋಡ್ ಹಾಕಿದ್ರೆ ಒಂದೋ ಡೆಲಿವರಿ ಇಲ್ಲ ಅನ್ನತ್ತೆ ಇಲ್ಲಾಂದ್ರೆ ಬೆಂಗಳೂರಿಂದ ಕಳ್ಸ್ತಾರಂತೆ, ಸುಮಾರು 60 ಕಿಲೋಮೀಟ್ರು ಬಿಸ್ಲಲ್ಲಿ ಬೈಕ್ ಮೇಲೆ ಬಂದ್ರೆ ಹೂವಿನ ಗತಿ ಏನು? ಲೋಕಲ್ಲಾಗಿ ಯಾರಾದ್ರೂ ಮಾಡ್ತಾರಾ?

ಗುಲಾಬಿ_ತೋಟ: ಅಕ್ಕ, ಹೂವು ಬೆಳೆಯೋ ಜಾಗಕ್ಕೇ ಬೆಂಗಳೂರಿಂದ ಹೂವಾ 😄 ಚಿಕ್ಕಬಳ್ಳಾಪುರ ಸುತ್ತ ಪಾಲಿಹೌಸಲ್ಲಿ ಗುಲಾಬಿ, ಜರ್ಬೆರಾ ಎಲ್ಲಾ ಬೆಳೀತಾರೆ. ಟೌನಲ್ಲಿ ಮದ್ವೆ ಸ್ಟೇಜ್ ಡೆಕೊರೇಶನ್ ಮಾಡೋರಿಗೆ ಹಿಂದಿನ ದಿನವೇ ಫೋನ್ ಮಾಡಿ, ಬೊಕೆನೂ ಕಟ್ಕೊಡ್ತಾರೆ, ಆಟೋದಲ್ಲಿ ಕಳ್ಸಿ ಅಂದ್ರೆ ಕಳ್ಸ್ತಾರೆ, ಆಟೋ ಚಾರ್ಜ್ ಮಾತ್ರ ಮೊದ್ಲೇ ಮಾತಾಡ್ಕೊಳಿ. ಪೂರ್ತಿ ಅರಳಿದ ಗುಲಾಬಿ ಬೇಡ, ಅರೆಬಿರಿದಿದ್ದೇ ಕೇಳಿ. ವರಮಹಾಲಕ್ಷ್ಮಿ ಹಬ್ಬದ ಟೈಮಾದ್ರೆ ರೇಟ್ ಕೇಳ್ಲೇಬೇಡಿ.

ಬೆಟ್ಟದ_ಗಾಳಿ: ಕಟ್ಟಿದ್ಮೇಲೆ ವಾಟ್ಸಾಪಲ್ಲಿ ಫೋಟೋ ತರಿಸ್ಕೊಂಡು ಆಮೇಲೆ ಬಾಕಿ ದುಡ್ಡು ಹಾಕಿ. ಪ್ಲಾಸ್ಟಿಕ್ ಬಿಚ್ಚಿ, ದಂಟಿನ ತುದಿ ಓರೆಯಾಗಿ ಕತ್ತರಿಸಿ ನೀರಲ್ಲಿಡಕ್ಕೆ ಅಮ್ಮಂಗೆ ಹೇಳಿ. ಜರ್ಬೆರಾಗೆ ಸ್ವಲ್ಪ ನೀರು ಸಾಕು, ದಂಟು ಬೇಗ ಕೊಳೆಯತ್ತೆ.

ಕನಕಾಂಬರ_ಫ್ಯಾನ್: ನಮ್ಮಮ್ಮಂಗೆ ಬೊಕೆ ಕೊಟ್ರೆ ‘ಇದ್ನ ಮುಡಿಯಕ್ಕಾಗತ್ತಾ’ ಅಂತಾರೆ. ಜೊತೆಗೆ ಎರಡು ಮೊಳ ಮಲ್ಲಿಗೆನೂ ಹೇಳ್ಬಿಡಿ.